ಪೂಜೆಗೆ ಕೂತ ಪ್ರಾಕ್ಸಿ

ಶುಭಾಂಗಿ: ಕಾಕಾ, ಲ್ಯಾಪ್‌ಟಾಪ್ ಮೂರ ಸಲ ಬಂದ್ ಮಾಡಿ ಚಾಲೂ ಮಾಡೀನಿ. ಪಾಸ್‌ವರ್ಡ್ ಬರೋಬ್ಬರಿ ಐತಿ. ತಪ್ಪ ನಿಮ್ಮ ಕಡೀನ ಐತಿ.

ಕಾಶಪ್ಪ: ನಮ್ಮ ಕಡಿ ಒಂದ ನೊಣಾನೂ ಗೇಟ್ ದಾಟಿಲ್ಲ.

ಫೋನು ಹಚ್ಚಿದ ಶುಭಾಂಗಿ ಇರುವುದು ಕುರನೂರಿನ ಮನೆಯಲ್ಲಿ. ಕಾಶಪ್ಪ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಅವಳು ಕೆಲಸ ಮಾಡುವ ಗೋದಾಮಿನ ವಾಚ್‌ಮನ್. ಇವತ್ತು ಹನ್ನೆರಡರೊಳಗೆ ಮನೆಯಿಂದಲೇ ಸ್ಟಾಕಿನ ಲೆಕ್ಕ ತುಂಬಿ ತೋರಿಸಿದರೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡಲು ಸಾಹೇಬರ ಒಪ್ಪಿಗೆ. ಇಲ್ಲದಿದ್ದರೆ ದಿನಾ ಎರಡು ಬಸ್ಸು. ಈಗಾಗಲೇ ಹನ್ನೊಂದೂವರೆ.

ಶುಭಾಂಗಿ: ನನ್ನ ಟೇಬಲ್ ಕೆಳಗ ಕರಿ ಡಬ್ಬಿ ಐತಲ್ರಿ, ಅದರಾಗ ಪ್ರಾಕ್ಸಿ ಐತಿ. ಆಫೀಸಿನ ಸಾಫ್ಟ್‌ವೇರ್ ಹೊರಗಿನವ್ರಿಗೆ ಬಾಗಿಲಾ ತಗ್ಯಾಂಗಿಲ್ಲ. ಅದಕ್ಕ ಪ್ರಾಕ್ಸಿ ನನ್ನ ಬದಲಿ ಒಳಗ ಹೋಗ್ತೈತಿ.

ಕಾಶಪ್ಪ: ನೀ ಮನ್ಯಾಗ, ನಿನ್ನ ಬದಲಿ ಟೇಬಲ್ ಕೆಳಗ. ಹಾಜರಿ ಯಾರ ಹೆಸರಿಗೆ?

ಶುಭಾಂಗಿ: ಚ್ಯಾಷ್ಟಿ ಬಿಡ್ರಿ. ‘ಟೈಮ್‌ಔಟ್’ ಅಂತ ಬರಾಕತ್ತೈತಿ. ಬಾಗಿಲಾ ಬಡದ್ರೂ ಒಳಗಿಂದ ಯಾರೂ ಓ ಅನ್ನವಲ್ರು ಅಂದಂಗ. ಡಬ್ಬಿ ಮ್ಯಾಲ ದೀಪಾ ಹತ್ತೈತೇನ ನೋಡ್ರಿ.

ಕಾಶಪ್ಪ: ಹತ್ತೈತಿ. ಎಣ್ಣೀದು.

ಶುಭಾಂಗಿ: ಎಣ್ಣೀದು?

ಕಾಶಪ್ಪ: ಇವತ್ತ ಖಂಡೇನವಮಿ, ಹತ್ಯಾರ ಪೂಜಿ ಮಾಡೂ ದಿನಾ ಅಲ್ಲೇನ ತಂಗಿ? ತಕ್ಕಡಿ, ಟ್ರಾಲಿ, ನನ್ನ ಕಾವಲಿನ ಬಡಗಿ ಕೋಲು, ನಿನ್ನ ಡಬ್ಬಿ, ಎಲ್ಲಾ ಪೂಜಾಕ್ಕ ಕುಂದರ್ಸೀನಿ. ವಾಯರ ಕಿತ್ತು, ಒರಸಿ, ಭಂಡಾರದ ಅರಿಷಿಣ ಪುಡಿ ಹಚ್ಚೀನಿ. ತೂತಿನ್ಯಾಗೂ ಚೂರ ಹೋಗೈತಿ.

ಶುಭಾಂಗಿ: ಅಯ್ಯ ಕಾಕಾ, ಅದು ಕೆಟ್ಟರ?

ಕಾಶಪ್ಪ: ಬಿರೋಬಾ ದೇವರ ಭಂಡಾರ. ಅದರಿಂದ ಯಾವುದೂ ಕೆಡಂಗಿಲ್ಲ.

ಶುಭಾಂಗಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಶುಭಾಂಗಿ: ವಾಯರ ಹಚ್ರಿ, ನಿಮ್ಮ ಕಾಲ ಬೀಳ್ತೀನಿ.

ಕಾಶಪ್ಪ: ಪೂಜಾಕ್ಕ ಕುಂತ ಹತ್ಯಾರ ನಾಳಿ ತನಕಾ ಎಬ್ಬಸಬಾರದು.

ಶುಭಾಂಗಿ: ಮತ್ತ ಮೊಬೈಲ್ ಹೆಂಗ ಹಿಡದೀರಿ?

ಕಾಶಪ್ಪ: ಇದು ಹತ್ಯಾರಲ್ಲ, ಟೈಮ್‌ಪಾಸ್.

ಶುಭಾಂಗಿ: ಗೇಟಿನ ಕೀಲಿ? ಮುಂಜಾನಿ ಟ್ರಕ್ ಒಳಗ ಬಿಟ್ಟೀರಲ್ಲ, ಉಗುರಿಂದ ತಗದ್ರೇನು?

ಕಾಶಪ್ಪ ಸ್ವಲ್ಪ ಹೊತ್ತು ಕೆಮ್ಮಿದ.

ಕಾಶಪ್ಪ: ಹತ್ಯಾರ ಯಾರದೋ ಅವರು ಕಾಯಿ ಒಡದು ತಪ್ಪಾತು ಅಂದ್ರ ನಡೀತೈತಿ. ನೀ ಅಲ್ಲಿ ಒಡಿ. ನಿನ್ನ ಬದಲಿ ನಾ ಇಲ್ಲಿ ಎಬ್ಬಸ್ತೀನಿ.

ವಿಡಿಯೊ ಹಚ್ಚಿಕೊಂಡು ಶುಭಾಂಗಿ ಹೊಸ್ತಿಲ ಮೇಲೆ ಕಾಯಿ ಒಡೆದಳು. ಆ ಕಡೆ ಕಾಶಪ್ಪ ತೂತಿನ ಭಂಡಾರ ಊದಿ ವಾಯರು ಚುಚ್ಚಿದ. ಹಸಿರು ದೀಪ ಹತ್ತಿತು, ಸಾಫ್ಟ್‌ವೇರ್ ತೆರೆಯಿತು. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಸ್ಟಾಕಿನ ಲೆಕ್ಕ ತುಂಬಿ ಮುಗಿಯಿತು. ಸಾಹೇಬರ ಮೆಸೇಜು ಬಂತು: ‘ಮಂಜೂರು’.

ಒಡೆದ ಕಾಯಿ ಆರಿಸಲು ಅತ್ತೆ ತುಳಜಾಬಾಯಿ ಬಂದರು.

ತುಳಜಾಬಾಯಿ: ಅಂದ್ರ ವಾರಕ್ಕ ಮೂರ ದಿನಾ ಮನ್ಯಾಗ ಇರ್ತೀ?

ಶುಭಾಂಗಿ: ಹೂಂ ಅತ್ತಿ.

ತುಳಜಾಬಾಯಿ: ಚಲೋ ಆತು. ಆ ಮೂರ ದಿನಾ ಕುರಿ ಹಟ್ಟಿ ಬಳಿಯೂದು, ರೊಟ್ಟಿ ಬಡಿಯೂದು ನಿಂದು. ನಾ ಮಂದ್ರೂಪ ಊರಾಗಿನ ತಂಗಿ ಮನಿಗೆ ಹೋಗಿ ಬರ್ತೀನಿ.

ಶುಭಾಂಗಿ ಮೆಲ್ಲಗೆ ಫೋನು ಕಿವಿಗೆ ಹಿಡಿದಳು.

ಶುಭಾಂಗಿ: ಕಾಕಾ, ಇನ್ನೂ ಇದ್ದೀರೇನು? ಡಬ್ಬಿ ಮತ್ತ ಪೂಜಾಕ್ಕ ಕುಂದರಸ್ರಿ.