ಎಣ್ಣೆ ಹಚ್ಚಿದ ಕಂಬಿಗಳು

ನನ್ನ ಗೆಳೆಯ ಮೇಸ್ತ್ರಿ ಮೊನ್ನೆ ಮಂಗಳವಾರ ತೀರಿಕೊಂಡ. ಶ್ವಾಸಕೋಶದ ಕಾಯಿಲೆ. ನಮ್ಮ ಮಹಡಿಯ ನೆಲ ಹಾಕಿದವನು ಅವನು. ಅದು ಕುಸಿಯುತ್ತದೆಂದು ಹನ್ನೊಂದು ವರ್ಷ ಹೆದರಿ ಬದುಕಿದವನು ನಾನು.

ಶುರುವಾದದ್ದು ಕಂಬಿಗಳಿಂದ. ಹಲಗೆಗಳ ಮೇಲೆ ಅವನು ಕಟ್ಟಿಸಿದ್ದ ಕಬ್ಬಿಣದ ಕಂಬಿಗಳು ಕೆಂಪಗೆ ತುಕ್ಕು ಹಿಡಿದಿದ್ದವು.

“ಇದರ ಮೇಲೆ ನಾನು ಮಲಗಬೇಕೇನೋ?”

“ಮೇಲ್ಮೇಲಿನ ತುಕ್ಕು ಕಣೋ. ಹಕ್ಕಳೆ ಎದ್ದಿದ್ದನ್ನೆಲ್ಲ ತಂತಿ ಬ್ರಷ್ಷಲ್ಲಿ ಉಜ್ಜಿಸಿದೀನಿ. ನೀನು ಪುಸ್ತಕ ಓದ್ಕೊಂಡು ತೆಪ್ಪಗಿರು.”

ಓದಿಕೊಂಡವನು ತೆಪ್ಪಗಿರುವುದುಂಟೇ? ಕೆಲಸದವರು ಊಟಕ್ಕೆ ಇಳಿದಾಗ ಅಡುಗೆ ಎಣ್ಣೆಯ ಡಬ್ಬಿ ಹಿಡಿದು ಮೇಲೆ ಹತ್ತಿದೆ. ಕಿಟಕಿ ಪಕ್ಕದ ಮೂಲೆಯ ಕಂಬಿಗಳಿಗೆ ಹಳೆಯ ಬನಿಯನ್ನಿನಿಂದ ಸಾಂಗೋಪಾಂಗವಾಗಿ ಅಭ್ಯಂಜನ ಮಾಡಿಸಿದೆ. (ಡಬ್ಬಿ ಖಾಲಿಯಾಗದಿದ್ದರೆ ಇಡೀ ಮಹಡಿಗೆ ಆ ಭಾಗ್ಯವಿತ್ತು.) ಮರುದಿನ ಕಾಂಕ್ರೀಟ್ ಬಿತ್ತು.

ಅದು ಗಟ್ಟಿಯಾದ ಮೇಲೆ, ಬೇರೆ ಯಾರದೋ ವಿಷಯವೆಂಬಂತೆ ಕೇಳಿದೆ: “ಕಂಬಿಗೆ ಎಣ್ಣೆ ಹಚ್ಚಿದ್ರೆ ಒಳ್ಳೇದಲ್ವಾ?”

ಅವನು ನನ್ನ ಮುಖವನ್ನೇ ನೋಡಿದ. “ಕಾಂಕ್ರೀಟಿಗೆ ಹಿಡಿತಾನೇ ಸಿಗಲ್ಲ. ಯಾವ ಪೆದ್ದ ಹಚ್ತಾನೆ?”

ಪೆದ್ದ ಅಡುಗೆಮನೆಗೆ ಓಡಿದ. ಆ ಮೂಲೆಯ ಕೆಳಗೇ ಅಡುಗೆಮನೆಯ ಒಲೆ. ಒಲೆಯ ಮುಂದೆ ನನ್ನ ಹೆಂಡತಿ.

ಅಂದಿನಿಂದ ಅವಳು ಒಲೆ ಹಚ್ಚಿದಾಗೆಲ್ಲ ನಾನು ಬಾಗಿಲಲ್ಲಿ ನಿಂತು ಚಾವಣಿ ಕಾಯುತ್ತಿದ್ದೆ. ಅವಳು ಅದನ್ನು ಪ್ರೀತಿಯೆಂದುಕೊಂಡಳು. (ಹನ್ನೊಂದು ವರ್ಷದಲ್ಲಿ ನನಗಾದ ಲಾಭ ಇದೊಂದೇ.) ಮೇಲೆ, ಆ ಮೂಲೆ ನಿಷಿದ್ಧ ವಲಯ.

“ರೀ, ಬೀರು ಅಲ್ಲಿಡೋಣ ಅಂದ್ರೆ ಯಾಕೆ ಬೆವರ್ತೀರಿ?”

“ಬೆಳಕಿಗೆ ಅಡ್ಡ ಬರುತ್ತೆ ಕಣೇ.”

“ಹೌದು ಮತ್ತೆ, ನಿಮ್ಮ ತಲೆಗೆ ಬೆಳಕು ಬೇಕೇ ಬೇಕು!”

ಟ್ರಂಕ್ ಜಾರಿದರೂ ಎದೆ ಹಾರುತ್ತಿತ್ತು. ಗೋಡೆಯಲ್ಲೊಂದು ಕೂದಲಿನಷ್ಟು ಬಿರುಕು ಕಂಡು ದಿನಾ ಪೆನ್ಸಿಲ್‌ನಿಂದ ಅಳೆದೆ. ಅದು ಜೇಡರ ಎಳೆಯೆಂದು ತಿಳಿಯಲು ಎಂಟು ದಿನ ಬೇಕಾಯಿತು. ಮೇಸ್ತ್ರಿ ಬಂದಾಗಲೆಲ್ಲ ಸತ್ಯ ಗಂಟಲವರೆಗೆ ಬಂದು, ಚಹಾದ ಜೊತೆ ಒಳಗೆ ಹೋಗುತ್ತಿತ್ತು.

ಹೋದ ತಿಂಗಳು ಅವನು ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಬಂದ. ಬಾಗಿಲ ಬಳಿ ಕುರ್ಚಿ ಹಾಕಿದೆ. ಅವನು ಅದನ್ನು ಎಳೆದುಕೊಂಡು ನೇರ ಆ ಮೂಲೆಗೆ ನಡೆದ.

“ಅಲ್ಲಿ ಬೇಡ್ವೋ! ಕೆಳಗೆ ಅವಳಿದಾಳೆ! ಆ ಕಂಬಿಗೆ ನಾನು ಎಣ್ಣೆ...”

ಕೂತೇಬಿಟ್ಟ. ಎರಡು ಸಲ ಉಸಿರೆಳೆದುಕೊಂಡ.

“ಗೊತ್ತು. ಮುಟ್ಟಿದ್ರೆ ಕೈ ಜಾರ್ತಿತ್ತು. ಅವತ್ತು ಸಂಜೆನೇ ಬಿಚ್ಚಿಸಿ ಬೇರೆ ಕಟ್ಟಿಸಿದೆ.”

“ಮತ್ತೆ ಹೇಳ್ಲೇ ಇಲ್ವಲ್ಲೋ ಪಾಪಿ!”

“ನೀನೇ ಹೇಳ್ತೀಯ ಅಂತ ಕಾದೆ. ಇಷ್ಟು ತಡ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ.”

ಅವನು ಕಾಲೆತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಹಿಮ್ಮಡಿಯಿಂದ ನೆಲವನ್ನು ಮೂರು ಸಲ ಗುದ್ದಿದ.

“ಚಹಾ ತರ್ತಾ ಇದೀನಿ ಕಣಣ್ಣಾ,” ಕೆಳಗಿನಿಂದ ಅವಳು ಕೂಗಿದಳು, “ಮನೆ ಬೀಳಿಸ್ಬೇಡಿ!”

ಅವನು ಇನ್ನೊಂದು ಸಲ ಗುದ್ದಿದ.