ಎಣ್ಣೆ ಕುಡಿದ ಕ್ಲಾರಿನೆಟ್

ಆ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಲಿಡ್ವಿನರ ಕ್ಲಾರಿನೆಟ್ ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿತು. ಒಮ್ಮೆ ಕಿರುಚಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಮೂರು ಸಲ, ಅದೂ ರಾಗದ ಒಂದೇ ಜಾಗದಲ್ಲಿ ಕಿರುಚಿತು. ಶಂಕರಪುರದ ಆ ಅಂಗಳದಲ್ಲಿ ಚಪ್ಪರ ಕಟ್ಟುತ್ತಿದ್ದವನು ಏಣಿಯ ಮೇಲಿನಿಂದಲೇ ಬೆಕ್ಕು ಎಲ್ಲಿ ಎಂದು ಹುಡುಕಿದ.

ಮನೆ ಲಿಡ್ವಿನರ ಅಣ್ಣ ರೊಸಾರಿಯೊ ಅವರದು. ಅಂದು ಸಂಜೆ ಅಣ್ಣನ ಮಗಳು ಜೆನಿಟಾಳ ರೋಸ್. ಮದುವೆಯ ಮುನ್ನಾದಿನ ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ, ಹಿರಿಯರೆಲ್ಲ ಸಾಲಾಗಿ ಬಂದು ಎಣ್ಣೆ ಮುಟ್ಟಿಸಿ, ತಲೆಯ ಮೇಲೆ ತೆಂಗಿನ ಹಾಲು ಹೊಯ್ಯುವ ಶಾಸ್ತ್ರ. ಅವಳನ್ನು ಒಳಗಿನಿಂದ ಚಪ್ಪರಕ್ಕೆ ಕರೆತರುವಾಗ ಮುಂದೆ ನಿಂತು ಒಂಟಿಯಾಗಿ ಕ್ಲಾರಿನೆಟ್ ನುಡಿಸಬೇಕಾದವರು ಲಿಡ್ವಿನ್. ಇದು ಹದಿನೆಂಟು ವರ್ಷ ಹಳೆಯ ಮಾತು. ಜೆನಿಟಾ ಚರ್ಚಿನಲ್ಲಿ ಮೊದಲ ಕಮ್ಯುನಿಯನ್, ಎಂದರೆ ಪರಮಪ್ರಸಾದ, ಪಡೆದ ದಿನ ಇವರ ಕ್ಲಾರಿನೆಟ್ ಕೀಂಚ್ ಎಂದದ್ದು ವಿಡಿಯೊದಲ್ಲಿ ದಾಖಲಾಗಿ, ಪ್ರತಿ ಕ್ರಿಸ್‌ಮಸ್‌ಗೆ ಮನೆಮಂದಿಯ ಮನರಂಜನೆಯಾಗಿ ಉಳಿದಿತ್ತು. "ಬಾಪ್ಪು, ನನ್ನ ಮದುವೆಗೆ ನೀವೇ ನುಡಿಸಬೇಕು. ಕೀಂಚ್ ಇಲ್ಲದೆ," ಎಂದಿದ್ದಳು ಎಂಟು ವರ್ಷದ ಹುಡುಗಿ. ಚಿಕ್ಕಪ್ಪ ಎದೆ ಮುಟ್ಟಿಕೊಂಡು ಒಪ್ಪಿದ್ದರು.

"ಲಿಡ್ವಿನ್, ಇದೆಂತ ಮಾರಾಯ?" ಎಂದರು ಅಭ್ಯಾಸ ಮಾಡಿಸುತ್ತಿದ್ದ ಎಡ್ವಿನ್, ಲಿಡ್ವಿನ್ ನುಡಿಸುವ ಕಾಪುವಿನ ಬ್ಯಾಂಡಿನ ಮಾಸ್ಟರ್. "ಮದುಮಗಳನ್ನು ಕರೆದುಕೊಂಡು ಬರುವುದಾ, ಬೆನ್ನಟ್ಟುವುದಾ?"

"ವಾದ್ಯ ಹಳತು ಮಾಸ್ಟ್ರೇ. ಪ್ಲಾಸ್ಟಿಕ್. ಕಲಿಯುವಾಗ ತೆಗೆದುಕೊಂಡದ್ದು."

"ಕಲಿತು ಆಯ್ತಾ, ಇನ್ನೂ ಉಂಟಾ?"

ಬ್ಯಾಂಡಿನ ತಾಳದವನು ಮುತ್ತುರಾಜ. ಗದಗಿನ ಕಡೆಯವನು, ಮಣಿಪಾಲದಲ್ಲಿ ಟೈಲ್ಸ್ ಕೂರಿಸುವ ಕೆಲಸ. ಅವನ ಅಪ್ಪ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದನಂತೆ. ಅವನು ತಾಳಗಳನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದ. "ಅಣ್ಣಾರ, ಒಂದ್ ಮಾತ್ ಹೇಳ್ಲೇನ್ರಿ? ಅದಕ್ಕ ಏನೂ ಆಗಿಲ್ರಿ. ಬರೇ ಆ ಸಣ್ಣದೊಂದು..."

"ನೀನು ತಾಳ ನೋಡಿಕೊ ಮಾರಾಯ," ಎಂದರು ಲಿಡ್ವಿನ್.

ಮುತ್ತುರಾಜ ತಾಳ ನೋಡಿಕೊಂಡ. ಆಮೇಲೆ ಗಡಿಯಾರ ನೋಡಿಕೊಂಡು ಮಣಿಪಾಲದ ಬಸ್ಸಿಗೆ ಓಡಿದ.

ಲಿಡ್ವಿನ್ ನಿಟ್ಟೆಯ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಗುಮಾಸ್ತರು. ಹಗಲೆಲ್ಲ ಮಕ್ಕಳಿಗೆ "ಶ್ ಶ್" ಎನ್ನುವುದು, ಸಂಜೆ ಆ ಉಸಿರನ್ನೆಲ್ಲ ಕ್ಲಾರಿನೆಟ್ಟಿಗೆ ತುಂಬುವುದು ಅವರ ಬದುಕು. ಯಾವ ವಸ್ತುವನ್ನೂ ಅದು ಸಾಯುವ ಮೊದಲು ಬಿಡುವ ಜನ ಅಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಮತ್ತೊಂದು ವಾರ ಹಲ್ಲುಜ್ಜುವವರು. ಅಂಥವರೂ ಮರದ ಒಳ್ಳೆಯ ಕ್ಲಾರಿನೆಟ್ ಒಂದನ್ನು ಕೊಳ್ಳಬೇಕೆಂದು ಪಿ.ಎಫ್. ಸಾಲ ತೆಗೆದಿಟ್ಟು ವರ್ಷವಾಗಿತ್ತು. ಯಾವುದನ್ನು ಕೊಳ್ಳುವುದೆಂದು ತೀರ್ಮಾನವಾಗದೆ ಎರಡು ಹುಲ್ಲುಮೆದೆಗಳ ನಡುವೆ ಯಾವುದನ್ನು ತಿನ್ನುವುದೆಂದು ತಿಳಿಯದ ಕತ್ತೆಯ ಹಾಗೆ ನಿಂತಿದ್ದರು. ಮಾಸ್ಟರರ ಒಂದು ಮಾತು ಕತ್ತೆಯನ್ನು ಮಣಿಪಾಲಕ್ಕೆ ಓಡಿಸಿತು.

ಮಣಿಪಾಲದಲ್ಲಿ ಗಿಟಾರ್ ಕ್ಲಾಸಿನ ಹಿಂದಿನ ಕೋಣೆಯಲ್ಲಿ ಡೀನ್ ಎಂಬ ಯುವಕ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದ, ಮಾರುತ್ತಲೂ ಇದ್ದ. ಮೇಜಿನ ಮೇಲೆ ಮೂರು ಪೆಟ್ಟಿಗೆ ತೆರೆದಿಟ್ಟ. ಮೂರರಲ್ಲೂ ಕಪ್ಪು ಮರ, ಬೆಳ್ಳಿ ಬಣ್ಣದ ಕೀಗಳು.

"ಮೌತ್‌ಪೀಸ್ ನಿಮ್ಮದೇ ಹಾಕಿ ಸರ್. ತುಟಿಗೆ ಅಭ್ಯಾಸದ್ದು ಇದ್ದರೆ ವ್ಯತ್ಯಾಸ ವಾದ್ಯದ್ದು ಮಾತ್ರ ಗೊತ್ತಾಗ್ತದೆ." ಲಿಡ್ವಿನ್ ಮೌತ್‌ಪೀಸ್ ಕೊಟ್ಟರು. ಅದಕ್ಕೆ ಕಟ್ಟಿದ್ದ ರೀಡನ್ನು, ಎಂದರೆ ಊದಿದಾಗ ನಡುಗಿ ಸ್ವರ ಹುಟ್ಟಿಸುವ ಆ ತೆಳ್ಳನೆಯ ಪಟ್ಟಿಯನ್ನು, ಡೀನ್ ಬೆಳಕಿಗೆ ಹಿಡಿದು ನೋಡಿದ. ಲಿಡ್ವಿನರ ಮುಖ ನೋಡಿದ. ಒಮ್ಮೆ ಕೆಮ್ಮಿದ. "ರೀಡ್ ಮಾತ್ರ ನಾನು ಹೊಸದು ಕೊಡ್ತೇನೆ. ಟ್ರಯಲ್‌ಗೆ ಫ್ರೀ."

ಫ್ರೀ ಎಂದ ಮೇಲೆ ಲಿಡ್ವಿನ್ ಯಾಕೆಂದು ಕೇಳಲಿಲ್ಲ.

"ಕಣ್ಣಲ್ಲಿ ಆರಿಸಬೇಡಿ," ಎಂದ ಡೀನ್. "ಕೆಳಗಿನ ಸ್ವರದಿಂದ ನಿಧಾನ ಮೇಲೆ ಹತ್ತಿ. ನಡುವೆ ಎಡವುತ್ತದಾ ನೋಡಿ. ಮೆಲ್ಲಗೆ ಊದಿ. ಜೋರಾಗಿ ಊದಿದರೆ ಎಲ್ಲ ಕ್ಲಾರಿನೆಟ್ಟೂ ಒಳ್ಳೆಯದೇ."

ಮೊದಲನೆಯದು ಮೇಲೆ ಗಂಟೆಯ ಹಾಗೆ ನುಡಿಯಿತು, ನಡುವಿನ ಎರಡು ಸ್ವರಕ್ಕೆ ಬಂದಾಗ ಮೂಗು ಕಟ್ಟಿದ ಉಪದೇಶಿಯಾಯಿತು. ಎರಡನೆಯದು ಸಿಹಿ, ಆದರೆ ಕಿರುಬೆರಳಿನ ಕೀ ಮುಟ್ಟಬೇಕಾದರೆ ಬೆರಳಿಗೆ ಇನ್ನೊಂದು ಗೆಣ್ಣು ಬೇಕಿತ್ತು. ಅಷ್ಟರಲ್ಲಿ ಹೆಂಡತಿ ಗ್ಲೋರಿಯಾಳ ವಿಡಿಯೊ ಕಾಲ್ ಬಂತು. ರೋಸಿನ ಮನೆಯ ಅಡುಗೆಕೋಣೆಯಿಂದ. ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತ ನೆರೆಮನೆಯ ಆನ್ಸಿಲ್ಲಾ ಬಾಯಿ. ಊರಿನ ಯಾವ ಶಾಸ್ತ್ರಕ್ಕೂ ಅವರಲ್ಲಿ ಒಂದು ನಿಯಮ ಉಂಟು, ಇಲ್ಲದಿದ್ದರೆ ಅಲ್ಲಿಯೇ ಹುಟ್ಟುತ್ತದೆ.

"ಎರಡನೆಯದೇ ಆಗಬಹುದು," ಎಂದರು ಆನ್ಸಿಲ್ಲಾ ಬಾಯಿ ಫೋನಿಗೆ ಮುಖ ತಾಗಿಸಿ. "ಅದರ ಪೆಟ್ಟಿಗೆ ನೀಲಿ. ಗ್ಲೋರಿಯಾಳ ಸೀರೆ ನೀಲಿ."

"ಸ್ವರ ಕೇಳಿದಿರಾ ಬಾಯಿ?"

"ಸ್ವರ ಎಂತ ಕೇಳುವುದು? ನೀವು ಊದುವಾಗ ಇಲ್ಲಿ ಮಿಕ್ಸಿ ಹಾಕಿದ್ದರು. ಬೇಗ ಬನ್ನಿ. ಏಳು ಗಂಟೆಗೆ ಮದುಮಗಳು ಹೊಸ್ತಿಲು ದಾಟಬೇಕು. ದಾಟಿದ ಮೇಲೆ ವಾದ್ಯ ನಿಲ್ಲಬಾರದು, ಗೊತ್ತುಂಟಲ್ಲ? ನಿಂತರೆ ಸಂಸಾರ ಅರ್ಧಕ್ಕೆ ನಿಂತ ಹಾಗೆ."

ಮೂರನೆಯದಕ್ಕೆ ಹೊಳಪೇ ಇರಲಿಲ್ಲ. ಲಿಡ್ವಿನ್ ಅದರ ಕೆಳಗಿನ ಸ್ವರವನ್ನು ಮೆಲ್ಲಗೆ ಊದಿದರು. ಬಾವಿಯ ತಳದಿಂದ ತುಂಬಿದ ಕೊಡ ತುಳುಕದೆ ಮೇಲೆ ಬಂದ ಹಾಗೆ ಸ್ವರ ಬಂತು. ಸಂಜೆಯ ರಾಗವನ್ನು ಪೂರ್ತಿ ನುಡಿಸಿದರು. ಬೆಕ್ಕು ಇಲ್ಲ. ಮತ್ತೊಮ್ಮೆ ನುಡಿಸಿದರು. ಇಲ್ಲ. ಐವತ್ತೆರಡು ವರ್ಷದ ಮನುಷ್ಯನ ಕಣ್ಣು ಒದ್ದೆಯಾಯಿತು. ಕನ್ನಡಕ ಒರೆಸುವ ನೆಪ ಮಾಡಿದರು.

"ಇದೇ," ಎಂದರು.

"ಹಳೆಯದನ್ನು ಇಟ್ಟುಕೊಳ್ತೀರಾ, ಎಕ್ಸ್‌ಚೇಂಜ್‌ಗೆ ಕೊಡ್ತೀರಾ? ಒಬ್ಬರು ಆರು ತಿಂಗಳಿಂದ ಹಳೇ ಕ್ಲಾರಿನೆಟ್ಟಿಗೆ ಕಾಯ್ತಾ ಇದ್ದಾರೆ."

ಲಿಡ್ವಿನ್ ತಂದಿದ್ದ ಹಳೆಯ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಫೋನಿನೊಳಗಿಂದ ಗ್ಲೋರಿಯಾ ಹೇಳಿದಳು: "ಕೊಟ್ಟೇ ಬನ್ನಿ. ಮನೆಯಲ್ಲಿ ಒಂದಕ್ಕೇ ಕಿವಿ ಸಾಕಾಗಿ ಹೋಗಿದೆ."

ಕೊಟ್ಟರು, ಮೌತ್‌ಪೀಸ್ ಸಮೇತ. ಹೊರಡುವಾಗ ಡೀನ್ ಬಾಗಿಲವರೆಗೆ ಬಂದು ಎಚ್ಚರಿಸಿದ: "ಮರ ಸರ್. ಬಿಸಿಲಿಗೆ ಇಡಬೇಡಿ, ಒಣಗಿದರೆ ಬಿರುಕು. ಎಣ್ಣೆ ಬೇಕಾಗ್ತದೆ, ಆದರೆ ಈಗಲ್ಲ. ತಿಂಗಳ ಮೇಲೆ ತನ್ನಿ, ಎರಡು ಹನಿ ನಾನೇ ಹಾಕ್ತೇನೆ."

ಉಡುಪಿಯಲ್ಲಿ ಬಸ್ಸು ಬದಲಿಸಿ ಲಿಡ್ವಿನ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದರು. ಆಸ್ಪತ್ರೆಯಿಂದ ಮೊದಲ ಕೂಸನ್ನು ಕರೆತರುವವರ ಮುಖವಿತ್ತು. ಕಂಡಕ್ಟರ್ ಒರಗಿದಾಗ ಮೊಣಕೈಯಲ್ಲಿ ತಳ್ಳಿದರು.

ಐದೂವರೆಗೆ ರೋಸಿನ ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಹೆಂಗಸರೆಲ್ಲ ಸುತ್ತ ಸೇರಿದರು. ಮಲ್ಲಿಗೆ ತಂದಿದ್ದ ಸುಂದರಿ ಕೂಡ ಬುಟ್ಟಿ ಇಳಿಸಿ ಇಣುಕಿದಳು.

"ಪೂರ್ತಿ ಮರ," ಎಂದರು ಲಿಡ್ವಿನ್, ಮರವನ್ನು ತಾವೇ ಕಂಡುಹಿಡಿದವರಂತೆ. "ಒಣಗಲಿಕ್ಕೆ ಬಿಡಬಾರದು. ಎಣ್ಣೆ ಬೇಕಾಗ್ತದೆ." ಅಷ್ಟು ಹೇಳಿ ಬ್ಯಾಂಡಿನ ಕೋಟು ಹಾಕಿಕೊಳ್ಳಲು ಒಳಗೆ ಹೋದರು. ತಿಂಗಳು, ಎರಡು ಹನಿ ಎಂಬ ಭಾಗ ಅವರ ಬಾಯಲ್ಲಿಯೇ ಉಳಿಯಿತು.

ಆನ್ಸಿಲ್ಲಾ ಬಾಯಿಯ ಕೈಯಲ್ಲಿ ಮದುಮಗಳಿಗೆಂದು ತೆಗೆದಿಟ್ಟ ತೆಂಗಿನೆಣ್ಣೆಯ ಬಟ್ಟಲಿತ್ತು. ಅವರು ಕ್ಲಾರಿನೆಟ್ಟನ್ನು ಉಗುರಲ್ಲಿ ತಟ್ಟಿ ನೋಡಿದರು.

"ಹೊಸ ಮರ. ಹೊಸ ಮರದ ಸೌಟಿಗೆ ಎಣ್ಣೆ ಕುಡಿಸದೆ ಯಾರಾದರೂ ಸಾರಿಗೆ ಹಾಕ್ತಾರಾ?"

"ಒನಕೆಗೂ ಹಾಗೆಯೇ ಬಾಯಿ," ಎಂದಳು ಸುಂದರಿ. "ಮೂರು ದಿನ ಕುಡಿಸಬೇಕು."

"ಮೂರು ದಿನ ಎಲ್ಲುಂಟು? ಏಳು ಗಂಟೆಗೆ ಊದಬೇಕು. ಒಮ್ಮೆಲೇ ಕುಡಿಸುವ."

ಗ್ಲೋರಿಯಾ ಹಿಡಿದುಕೊಂಡಳು, ಆನ್ಸಿಲ್ಲಾ ಬಾಯಿ ಹೊಯ್ದರು. ಒಳಗೂ ಹೊಯ್ದರು, ಹೊರಗೂ ಸವರಿದರು. ಪ್ರತಿ ತೂತಿಗೂ ಬೆರಳು ಅದ್ದಿ ಅದ್ದಿ ಹಚ್ಚಿದರು. ಮದುಮಗಳಿಗಿಂತ ಮೊದಲು ಕ್ಲಾರಿನೆಟ್ಟಿನ ರೋಸ್ ಆಯಿತು.

ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದ ಲಿಡ್ವಿನ್ ಬಾಳೆಎಲೆಯ ಮೇಲೆ ಹುರಿದ ಕಾಣೆ ಮೀನಿನ ಹಾಗೆ ಮಿರಮಿರ ಮಿಂಚುತ್ತ ಮಲಗಿದ್ದ ತಮ್ಮ ಪಿ.ಎಫ್. ಸಾಲವನ್ನು ಕಂಡರು. ಎತ್ತಿದರೆ ಜಾರಿತು. ಊದಿದರೆ ಎಳನೀರಿನ ತಳದಲ್ಲಿ ಸ್ಟ್ರಾ ಗೊರಗುಟ್ಟಿದ ಸದ್ದು. ತೂತು ಮುಚ್ಚುವ ಮೆತ್ತನೆಯ ಪ್ಯಾಡುಗಳೆಲ್ಲ ಎಣ್ಣೆ ಕುಡಿದು, ಒತ್ತಿದ ಕೀ ಒತ್ತಿದಲ್ಲಿಯೇ ಅಂಟಿ ಕುಳಿತಿತ್ತು.

"ಯಾರು? ಯಾರು ಮಾಡಿದ್ದು?"

"ಥ್ಯಾಂಕ್ಸ್ ಎಂತಕ್ಕೆ, ನಾವು ಹೊರಗಿನವರಾ?" ಎಂದು ಆನ್ಸಿಲ್ಲಾ ಬಾಯಿ ತೆಂಗಿನ ಹಾಲು ಹಿಂಡಲು ಅಡುಗೆಕೋಣೆಗೆ ಹೋದರು.

ಎಷ್ಟು ಒರೆಸಿದರೂ ಎಣ್ಣೆ ಹೋಗದೆ ಏಳಕ್ಕೆ ಹತ್ತು ನಿಮಿಷವಾಯಿತು. ಎಡ್ವಿನ್ ಮಾಸ್ಟರ್ ಕ್ಲಾರಿನೆಟ್ಟನ್ನು ತಲೆಕೆಳಗಾಗಿ ಹಿಡಿದರು. ಅಂಗಳಕ್ಕೆ ಎಣ್ಣೆ ತೊಟ್ಟಿಕ್ಕಿತು. "ಇದರಲ್ಲಿ ಒಗ್ಗರಣೆ ಹಾಕಬಹುದು. ಊದಲಿಕ್ಕಾಗದು. ಬೇರೆ ಉಂಟಾ?"

"ಹಳೆಯದು ಇತ್ತು. ಕೊಟ್ಟು ಬಂದೆ."

"ಶಾಭಾಸ್."

ಆಗಲೇ ಮುತ್ತುರಾಜ ಬಸ್ಸಿಳಿದು ಓಡುತ್ತ ಬಂದ. ಒಂದು ಕೈಯಲ್ಲಿ ತಾಳದ ಚೀಲ, ಇನ್ನೊಂದರಲ್ಲಿ ಕಪ್ಪು ಪೆಟ್ಟಿಗೆ. ಆ ಪೆಟ್ಟಿಗೆಯ ಮೂಲೆಯಲ್ಲಿ, ಗುರುತಿಗೆಂದು ಗ್ಲೋರಿಯಾ ಇಟ್ಟ ಕೆಂಪು ನೇಲ್ ಪಾಲಿಶಿನ ಚುಕ್ಕೆ.

"ಎಲ್ಲಿ ಸಿಕ್ಕಿತು ಮಾರಾಯ ಇದು?" ಲಿಡ್ವಿನ್ ಪೆಟ್ಟಿಗೆಗೇ ಕೈ ಹಾಕಿದರು.

"ಡೀನ್ ಸರ್ ಕಡೆ ತಗೊಂಡೆ ನೋಡ್ರಿ. ಹಳೇದು ಬಂದ್ರ ಹೇಳ್ರಿ ಅಂತ ಆರ್ ತಿಂಗಳ ಹಿಂದನ ಹೇಳಿಟ್ಟಿದ್ದೆ. ಮೂರು ಗಂಟೇಕ್ಕ ಫೋನ್ ಬಂತು."

"ಇವತ್ತು ಒಂದು ದಿನ ಕೊಡು. ಕೈ ಮುಗಿಯುತ್ತೇನೆ."

"ಅಯ್ಯ, ಕೈ ಯಾಕ್ ಮುಗೀತೀರಿ? ತಗೋರಿ ಅಣ್ಣಾರ. ತಡೀರಿ, ಸ್ವರ ಸರಿ ಐತೇನು ಒಮ್ಮೆ ನೋಡಿ ಕೊಡ್ತೀನಿ." ಮುತ್ತುರಾಜ ಕ್ಲಾರಿನೆಟ್ ಜೋಡಿಸಿ ತುಟಿಗಿಟ್ಟ. ವರ್ಷಗಟ್ಟಲೆ ತಾಳದ ಜಾಗದಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ರಾಗ ಒಂದೇ, ಅಪ್ಪನಿಂದ ಕ್ಲಾರಿನೆಟ್ ಕಲಿತಿದ್ದ ಅವನ ಬೆರಳಿಗೆ ಬಂತು. ಲಿಡ್ವಿನರದೇ ರಾಗ. ಬೆಳಿಗ್ಗೆ ಬೆಕ್ಕು ಕುಳಿತಿದ್ದ ಜಾಗಕ್ಕೆ ಬಂದ, ದಾಟಿದ. ಅಲ್ಲಿ ಬೆಕ್ಕು ಇರಲಿಲ್ಲ. ಚಪ್ಪರದಲ್ಲಿ ಕುರ್ಚಿ ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿದರು.

ಒಳಗೆ ಸಿಂಗರಿಸಿಕೊಂಡು ಕಾಯುತ್ತಿದ್ದ ಜೆನಿಟಾ ಎದ್ದಳು. "ಬಾಪ್ಪು ಶುರು ಮಾಡಿದರು," ಎಂದಳು. ತಲೆ ತಗ್ಗಿಸಿದಳು. ಹೊಸ್ತಿಲು ದಾಟಿದಳು.

ದಾಟಿದ ಮೇಲೆ ವಾದ್ಯ ನಿಲ್ಲಬಾರದು.

ಮುತ್ತುರಾಜ ಊದುತ್ತಲೇ ಕಣ್ಣರಳಿಸಿ ಲಿಡ್ವಿನರನ್ನು ನೋಡಿದ. ಲಿಡ್ವಿನ್ ಮಾಸ್ಟರರನ್ನು ನೋಡಿದರು. ಮಾಸ್ಟರ್ ಮುಂದೆ ಹೋಗು ಎಂದು ಮುತ್ತುರಾಜನಿಗೆ ಕೈ ಮಾಡಿ, ಚೀಲದಿಂದ ತಾಳಗಳನ್ನು ತೆಗೆದು ಲಿಡ್ವಿನರ ಎಣ್ಣೆಗೈಗೆ ತುರುಕಿದರು. ಮೆರವಣಿಗೆ ಹೊರಟಿತು. ಮುಂದೆ ಟೈಲ್ಸಿನ ಧೂಳು ಮೆತ್ತಿದ ಅಂಗಿಯಲ್ಲಿ ಮುತ್ತುರಾಜ. ನಡುವೆ ತಗ್ಗಿಸಿದ ತಲೆ ಎತ್ತದ ಮದುಮಗಳು. ಎಲ್ಲರಿಗಿಂತ ಹಿಂದೆ, ಇಸ್ತ್ರಿ ಮಾಡಿದ ಕೋಟಿನಲ್ಲಿ, ನಾಲ್ಕು ಮಾತ್ರೆಗೊಮ್ಮೆ ಛಂಯ್ ಎನ್ನುತ್ತ ಲಿಡ್ವಿನ್.

ರಾಗ ಮುಗಿದು ಜನ ಚಪ್ಪಾಳೆ ತಟ್ಟುವಾಗ ಅವರು ಮುತ್ತುರಾಜನ ಕಿವಿಯಲ್ಲಿ ಕೇಳಿದರು: "ಅದಕ್ಕೆ ಎಂತ ಮಾಡಿದೆ?"

"ರೀಡ್ ಬದ್ಲ್ ಮಾಡೀನ್ರಿ ಅಣ್ಣಾರ, ಮತ್ತೇನಿಲ್ಲ. ಹಳೇದು ತುದಿ ಸೀಳಿತ್ತು. ಮುಂಜಾನಿ ಅದನ್ನ ಹೇಳಾಕ ಬಂದಿದ್ದೆ. ನೀವು ತಾಳ ನೋಡಿಕೊ ಅಂದ್ರಿ."

ಲಿಡ್ವಿನ್ ಕೈಯಲ್ಲಿದ್ದ ತಾಳ ನೋಡಿಕೊಂಡರು.

ಅವರ ಸರದಿ ಬಂದಾಗ ಜೆನಿಟಾಳ ತಲೆಗೆ ತೆಂಗಿನ ಹಾಲು ಹೊಯ್ದರು. ಮುಖದ ಮೇಲೆ ಹಾಲು ಇಳಿಯುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡೇ ಅವರ ಕೈ ಹಿಡಿದಳು. "ಬಾಪ್ಪು, ಒಂದೇ ಒಂದು ಕೀಂಚ್ ಇಲ್ಲ! ಹೊಸ ಕ್ಲಾರಿನೆಟ್ ಅಂದರೆ ಹೊಸದೇ. ನಾಳೆ ಹಾಲ್‌ನಲ್ಲಿ ಇದನ್ನೇ ನುಡಿಸಬೇಕು, ಆಯ್ತಾ?"

ಲಿಡ್ವಿನ್ ಬಾಯಿ ತೆರೆದರು. ಅದೇ ಹೊತ್ತಿಗೆ ಅಡುಗೆಕೋಣೆಯಿಂದ, ಅಲ್ಲಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ ಆನ್ಸಿಲ್ಲಾ ಬಾಯಿ ಬಂದರು. ಅವರ ಕೈಯಲ್ಲಿ ಮತ್ತೊಮ್ಮೆ ತುಂಬಿದ ಬಟ್ಟಲಿತ್ತು.

"ನೋಡಿದಿರಾ ಲಿಡ್ವಿನ್ ಮಾರಾಯರೇ, ಎಣ್ಣೆ ಕುಡಿದ ಮೇಲೆ ಸ್ವರ ಹೇಗೆ ಬಿಚ್ಚಿಕೊಂಡಿತು? ಎಲ್ಲಿಟ್ಟಿದ್ದೀರಿ ಅದನ್ನು? ನಾಳೆಗೆ ಇನ್ನೊಂದು ಕೈ ಹೊಯ್ದಿಡುವ."