ರೈಟರ ಲ್ಯಾಪ್‌ಟಾಪ್ ಚುರುಕಾಗಿದ್ದು

ಹಳೇ ಲ್ಯಾಪ್‌ಟಾಪು ಒಬ್ಬೊಂಟಿಯಾಗಿ ರಿಪೇರಿಗೆ ಬರುವುದಿಲ್ಲ, ಜೊತೆಗೆ ಒಂದು ತಮಾಷೆಯನ್ನೂ ಕರೆದುಕೊಂಡೇ ಬರುತ್ತದೆ. ಮೂರ್ನಾಡಿನಲ್ಲಿ, ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಕೂತು ರಿಪೇರಿ ಮಾಡುತ್ತ ನಾನು ಕಲಿತ ಪಾಠ ಇದು. ಕೆಲಸದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಉಂಟು. "ಇದು ಗುಜರಿಗೇ ಸೈ" ಎಂದು ಬೇರೆಯವರು ಕೈಚೆಲ್ಲಿದ್ದನ್ನು ಓಡಿಸಿ ತೋರಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಆ ಜಂಬ ಇಳಿಸಿದ್ದು ಒಂದೇ ಒಂದು ಲ್ಯಾಪ್‌ಟಾಪು. ಅದರ ಯಜಮಾನರು ಮೂವತ್ತೈದು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದು, ಆಳುಗಳ ಹಾಜರಿ ಹಾಕಿ, ಹಣ್ಣಿನ ಪಿಕ್ಕಿಂಗ್ ನೋಡಿಕೊಂಡು ನಿವೃತ್ತರಾದವರು. ಈಗ ಮನೆಯ ಸುತ್ತ ಎರಡು ಎಕರೆ ಕಾಫಿ, ಒಂದು ಹಸು, ಒಂದಿಷ್ಟು ಕೋಳಿ. ಊರಿಗೆಲ್ಲ ಅವರು ಇವತ್ತಿಗೂ ರೈಟರೇ.

ಮೈಗಳ್ಳ

ಮೊದಲ ಸಲ ಬಂದಾಗ ಅವರು ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, ಮ್ಯಾನೇಜರ ಮುಂದೆ ಆಳಿನ ಮೇಲೆ ದೂರು ಹೇಳುವವರ ಹಾಗೆ ನಿಂತರು.

"ಇವನು ಮೈಗಳ್ಳ ಮಾರಾಯ. ಬೆಳಗ್ಗೆ ಆರು ಗಂಟೆಗೆ ಸರಿಯಾಗಿ ಹಾಜರಿ ಹಾಕ್ತಾನೆ, ಲೈಟ್ ಉರೀತದೆ. ಕೆಲಸಕ್ಕೆ ಇಳಿಯೋದು ಏಳೂಕಾಲಿಗೆ. ನಾನು ಕೋಳಿ ಬಿಟ್ಟು, ಹಸುವಿಗೆ ಹುಲ್ಲು ಹಾಕಿ, ಹಂಡೆಗೆ ಬೆಂಕಿ ಮಾಡಿ ಬಂದ್ರೂ ಒಂದು ಚಕ್ರ ತಿರುಗಿಸ್ತಾ ಅಲ್ಲೇ ಕೂತಿರ್ತಾನೆ."

"ಇದರಲ್ಲಿ ಏನು ಕೆಲಸ ಮಾಡ್ತೀರಿ ರೈಟ್ರೇ?"

"ಕೆಲಸಕ್ಕೇನು, ಬೇಕಾದಷ್ಟು ಉಂಟು" ಎಂದು ಗಂಭೀರವಾಗಿ ಹೇಳಿದರು. ನಾನೂ ಕೆದಕಲಿಲ್ಲ.

ತೆರೆದು ನೋಡಿದರೆ ರ‍್ಯಾಮ್ ನಾಲ್ಕೇ ಜಿ.ಬಿ. ಇನ್ನೂ ನಾಲ್ಕು ಹಾಕೋಣ ಎಂದೆ. ಅವರಿಗೆ ತಟ್ಟನೆ ಅರ್ಥವಾಯಿತು.

"ಅಂದ್ರೆ ಇನ್ನೊಂದು ಆಳು ಕೊಡ್ತೀಯ."

"ಹಾಗೇ ಅಂದ್ಕೊಳ್ಳಿ."

"ಬೇಡ ಮಾರಾಯ. ನನ್ನ ಸರ್ವಿಸಿನಲ್ಲಿ ನೋಡಿದ್ದೀನಿ. ಮೈಗಳ್ಳನ ಜೊತೆ ಇನ್ನೊಬ್ಬನನ್ನ ಬಿಟ್ರೆ ಇಬ್ಬರೂ ಕೂತು ಬೀಡಿ ಸೇದ್ತಾರೆ."

ಒಪ್ಪಿಸಿ ಹಾಕಿದೆ. ಅದು ಏಳುವ ಹೊತ್ತಿನಲ್ಲಿ ಹದಿನೈದು ನಿಮಿಷ ಉಳಿಯಿತು. ಆ ವಾರ ರೈಟರ ಹೆಂಡತಿ ಪೇಟೆಯಲ್ಲಿ ಸಿಕ್ಕಿದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಹೊಗಳಿಕೆಯ ಆಸೆಯಿಂದ "ಈಗ ಬೇಗ ಆಗ್ತದಾ ಅಕ್ಕ?" ಎಂದು ಕೇಳಿದೆ. "ಆಗ್ತದೆ. ಹಂಡೆಗೆ ಬೆಂಕಿ ಈಗ ನಾನೇ ಹಾಕೋದು" ಎಂದು ಮುಖ ತಿರುಗಿಸಿಕೊಂಡು ಹೋದರು. ಹಂಡೆಗೂ ರ‍್ಯಾಮಿಗೂ ಏನು ಸಂಬಂಧವೋ ನನ್ನ ತಲೆಗೆ ಹೋಗಲಿಲ್ಲ.

ನಳಿಗೆ ಇದ್ದ ಮೇಲೆ ಹೂವು ಬೇಡವೇ

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಕಳೆದ ಮೇಲೆ, ಲ್ಯಾಪ್‌ಟಾಪು ಕಾವಲಿಯ ಹಾಗೆ ಕಾಯುತ್ತಿದೆ ಎಂದು ತಂದರು. ನಮ್ಮಲ್ಲಿ ಆ ಹಬ್ಬಕ್ಕೆ ಕೋವಿಯನ್ನು ಪೂಜೆಗಿಟ್ಟು, ಅದರ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸುವುದು ಪದ್ಧತಿ. ಹಿಂಬದಿ ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಅದೇ ಹೂವಿನ ಕೆಂಪು ಎಸಳು ಸುತ್ತಿಕೊಂಡಿತ್ತು.

"ಇದನ್ನ ಇಲ್ಲಿ ಯಾಕೆ ತುರುಕಿದ್ರಿ?"

"ಪೂಜೆಗೆ ಕೋವಿ ಪಕ್ಕದಲ್ಲೇ ಇಟ್ಟಿದ್ದೆ. ಕೋವಿಗೆ ಮಾತ್ರ ಇಟ್ಟು ಇವನಿಗೆ ಇಡದಿದ್ರೆ ಏನಂದ್ಕೊಳ್ತಾನೆ? ಬಿಸಿಗಾಳಿ ಬರೋ ತೂತೂ ನಳಿಗೆ ಹಾಗೇ ಉಂಟು."

ಬರುವ ವರ್ಷ ಹೂವು ಮೇಲಿಟ್ಟರೆ ಸಾಕು, ಒಳಗೆ ತುರುಕಬೇಡಿ ಎಂದು ಕೈಮುಗಿದೆ. "ಆಗಲಿ. ಗಂಧ ಹಚ್ಚಬಹುದಲ್ಲ?" ಎಂದರು. ಮಗುಚಿ ನೋಡಿದೆ. ಎಂಟರ್ ಗುಂಡಿ ಆಗಲೇ ಗಂಧದಲ್ಲಿ ಅಂಟಿ ಕೂತಿತ್ತು.

ಗಲಗಲ

ಜನವರಿಯಲ್ಲಿ ಅದರ ಮೇಲೆ ಕಾಫಿ ಲೋಟ ಮಗುಚಿತು. "ಕೂಡಲೇ ಆಫ್ ಮಾಡಿ, ಒಂದೆರಡು ದಿನ ಚೆನ್ನಾಗಿ ಒಣಗಿಸಿ" ಎಂದು ಫೋನಿನಲ್ಲಿ ಹೇಳಿದೆ. ಒಣಗಿಸಿ ಎಂಬ ಮಾತನ್ನು ಕಾಫಿ ಬೆಳೆಯುವವರ ಹತ್ತಿರ ಯೋಚಿಸಿ ಆಡಬೇಕು, ನಾನು ಯೋಚಿಸಲಿಲ್ಲ.

ರೈಟರು ಅದನ್ನು ಒಯ್ದು ಕಣದಲ್ಲಿ, ಹರವಿದ್ದ ಕಾಫಿಯ ನಡುವೆ ಇಟ್ಟರು. ಕಣದಲ್ಲಿದ್ದದ್ದನ್ನೆಲ್ಲ ಗಂಟೆಗೊಮ್ಮೆ ಮಗುಚಬೇಕು ಎಂಬುದು ಕೆಲಸದ ಹೆಂಗಸಿಗೆ ಅವರೇ ಕಲಿಸಿದ ಶಿಸ್ತು. ಆಕೆ ಮರದ ಹಲಗೆ ಎಳೆಯುತ್ತ ಕಾಫಿಯ ಜೊತೆಗೆ ಅದನ್ನೂ ಮಗುಚಿದಳು. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದಾಗ ಅದೂ ರಾಶಿಯೊಳಗೇ ಮಲಗಿತು. ನಾಲ್ಕನೇ ದಿನ ರೈಟರು ತಂದು, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಲಗಲ ಎಂದಿತು.

"ಕೇಳಿಸ್ತಾ? ಪೂರಾ ಒಣಗಿದೆ."

ಒಣಗಿದ ಕಾಫಿ ಕಾಯಿಯನ್ನು ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಹಾಗೆ ಸದ್ದು ಮಾಡುತ್ತದೆ, ನಿಜ. ಲ್ಯಾಪ್‌ಟಾಪು ಹಾಗೆ ಸದ್ದು ಮಾಡಬಾರದು. ಬಿಚ್ಚಿದರೆ ಎರಡು ಸ್ಕ್ರೂ ಕಳಚಿ ಓಡಾಡುತ್ತಿದ್ದವು. ಸಿ.ಡಿ. ಹಾಕುವ ಬಾಯಿಯೊಳಗೆ ಐದು ಕಾಫಿ ಕಾಯಿ. ಕೀಬೋರ್ಡು ಹೋಗಿತ್ತು, ಹೊಸದು ಹಾಕಿದೆ. ರೈಟರು ಐದೂ ಕಾಯಿಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು, "ಸ್ಕ್ರೂ ಬೇಕಾದ್ರೆ ನೀನಿಟ್ಕೋ" ಎಂದರು.

ಜೊಳ್ಳು

ಇಷ್ಟಾದರೂ ನನ್ನ ಜಂಬ ಸುಮ್ಮನಿರಬೇಕಲ್ಲ. "ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕೋಣ ರೈಟ್ರೇ. ಕುದುರೆ ಹಾಗೆ ಓಡ್ತದೆ" ಎಂದು ನಾನೇ ಹುರಿದುಂಬಿಸಿದೆ. ಅವರು ಹಳೆಯದನ್ನು ಒಂದು ಅಂಗೈಯಲ್ಲಿ, ಹೊಸದನ್ನು ಇನ್ನೊಂದರಲ್ಲಿ ಇಟ್ಟು ತೂಗಿ ನೋಡಿದರು.

"ಇದು ಜೊಳ್ಳು."

"ಅಲ್ಲ ರೈಟ್ರೇ, ಹಳೇದರಲ್ಲಿ ತಿರುಗೋ ತಟ್ಟೆ ಉಂಟು. ಇದರ ಒಳಗೆ ಅದೆಲ್ಲ ಇಲ್ಲ. ಅದಕ್ಕೇ ಹಗುರ."

"ಒಳಗೆ ಇಲ್ಲ ಅಂತ ನೀನೇ ಹೇಳ್ತಿದ್ದೀಯಲ್ಲ."

ಕಾಫಿ ಹಣ್ಣನ್ನು ನೀರಿಗೆ ಸುರಿದು, ತೇಲಿದ್ದನ್ನು ಜೊಳ್ಳೆಂದು ಬೇರೆ ಮಾಡಿದ ಕೈ ಅದು. ಅವರ ಕಣ್ಣು ಮೆಲ್ಲಗೆ ಮೇಜಿನ ಮೇಲಿದ್ದ ನನ್ನ ನೀರಿನ ಚೊಂಬಿನ ಕಡೆಗೆ ಹೋಯಿತು. ನಾನು ಚೊಂಬೆತ್ತಿ ಇದ್ದ ನೀರನ್ನೆಲ್ಲ ಗಟಗಟ ಕುಡಿದುಬಿಟ್ಟೆ.

ಹೊಸದನ್ನು ಹಾಕಿ ಗುಂಡಿ ಒತ್ತಿದೆ. ಹದಿನೈದು ಸೆಕೆಂಡು, ತೆರೆಯಿತು. ಭೇಷ್ ಎನ್ನುತ್ತಾರೆಂದು ಕಾದೆ. ರೈಟರು ಗಡಿಯಾರ ನೋಡಿದರು, ಪರದೆ ನೋಡಿದರು, ಹಳೇ ಡಿಸ್ಕನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟರು.

ವಾಪಸ್

ಒಂದು ವಾರ ಕಳೆದಿರಬೇಕು. ಅಕ್ಕ ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬಂದರು. ಚೀಲದಿಂದ ಅದೇ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಮ್ಮೆ ರಿಪೇರಿಗೆ ತಂದಾಗ ಇದನ್ನ ವಾಪಸ್ ಹಾಕಿಕೊಡಿ. ಇವರಿಗೆ ಗೊತ್ತಾಗಬಾರದು."

"ಯಾಕಕ್ಕ? ಈಗ ಚೆನ್ನಾಗಿ ಓಡ್ತದಲ್ಲ?"

"ಅದು ಓಡ್ತದೆ, ಇವರು ಕೂರ್ತಾರೆ! ಸರ್ವಿಸಿನಲ್ಲಿದ್ದಾಗ ಮನೇಲಿ ಒಂದು ಕಡ್ಡಿ ಎತ್ತಿಟ್ಟವರಲ್ಲ. ರಿಟೈರ್ ಆದ್ಮೇಲೆ ಅದು ಏಳೋವರೆಗೆ ಸುಮ್ಮನಿರೋಕೆ ಆಗದೆ ಕೋಳಿ ಬಿಟ್ರು, ಹುಲ್ಲು ಹಾಕಿದ್ರು, ಹಂಡೆಗೆ ಬೆಂಕಿ ಮಾಡಿದ್ರು. ನನ್ನ ಮಂಡಿಗೆ ಅದೇ ಔಷಧಿ ಆಗಿತ್ತು. ನೀವು ಮೊದಲು ಹಂಡೆ ಕಿತ್ಕೊಂಡ್ರಿ. ಈಗ ಕೋಳಿ, ಹಸು ಎಲ್ಲ ನನ್ನ ತಲೆ ಮೇಲೆ. ಈ ಕಾಲಲ್ಲಿ ಕೊಟ್ಟಿಗೆಗೆ ಇಳಿಯೋದು ಹೇಗೆ ಹೇಳಿ."

ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲೇ ಮೆಟ್ಟಿಲ ಮೇಲೆ ಸದ್ದಾಯಿತು. ರೈಟರು, ಕಂಕುಳಲ್ಲಿ ಲ್ಯಾಪ್‌ಟಾಪು! ಅಕ್ಕ ಗಬಕ್ಕನೆ ಗಂಟಿನ ಮೇಲೆ ಚೀಲ ಇಟ್ಟರು. ಹೆಂಡತಿಯನ್ನು ಕಂಡು ರೈಟರೂ ಬಾಗಿಲಲ್ಲೇ ತಡೆದು ನಿಂತರು. ಆಮೇಲೆ ಗಟ್ಟಿ ಮನಸ್ಸು ಮಾಡಿ ಒಳಗೆ ಬಂದರು.

"ಹಳೇ ಡಿಸ್ಕ್ ಮನೇಲಿ ಎಲ್ಲೂ ಸಿಗ್ತಾ ಇಲ್ಲ ಮಾರಾಯ. ಅಂಥದ್ದೇ ಒಂದು ಹುಡುಕಿ ಹಾಕು."

"ಯಾಕೆ ರೈಟ್ರೇ, ಈಗ ಬೇಗ ಏಳ್ತಾನಲ್ಲ?"

"ಅದೇ ತೊಂದರೆ. ಆರಕ್ಕೆ ಒತ್ತಿದ್ರೆ ಆರಕ್ಕೇ ಎದ್ದು ಕೂತು ನನ್ನ ಮುಖ ನೋಡ್ತಾನೆ. ಏನು ಕೆಲಸ ಕೊಡ್ಲಿ? ಬಿಟ್ಟು ಎದ್ದು ಹೋಗೋಕೂ ಆಗಲ್ಲ. ಆಳು ರೆಡಿಯಾಗಿ ನಿಂತಿರುವಾಗ ರೈಟರು ಜಾಗ ಬಿಡಬಾರದು."

"ಮೊದಲು ಏನು ಕೆಲಸ ಕೊಡ್ತಿದ್ರಿ?"

ಅವರು ಹೆಂಡತಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೊದಲು ಎಲ್ಲಿ ಕೊಟ್ಟೆ? ಇವನು ಏಳೋ ಹೊತ್ತಿಗೆ ಇವಳು ತಿಂಡಿಗೆ ಕರೀತಿದ್ಲು. ಆಫ್ ಮಾಡಿ ಹೋಗ್ತಿದ್ದೆ."

ಅಕ್ಕ ಚೀಲ ಎತ್ತಿದರು. ಕರವಸ್ತ್ರದ ಗಂಟು ಕಂಡದ್ದೇ ರೈಟರ ಮುಖ ಅರಳಿತು, ಅದು ಇಲ್ಲಿಗೆ ಹೇಗೆ ಬಂತೆಂದು ಕೇಳುವ ಗೋಜಿಗೂ ಅವರು ಹೋಗಲಿಲ್ಲ. ಓಡುವ ಯಂತ್ರವನ್ನು ಕೈಯಾರೆ ಕುಂಟಿಸುವುದು ನನ್ನ ಬಾಳಿನಲ್ಲಿ ಅದೇ ಮೊದಲು. ಜಂಬ ನುಂಗಿಕೊಂಡು ಹಳೇ ಡಿಸ್ಕ್ ಹಾಕಿ ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರ ನಿಧಾನವಾಗಿ ತಿರುಗತೊಡಗಿತು. ರೈಟರು ಕೂರಲಾರದೆ ಎದ್ದರು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ನನ್ನ ಅಂಗಡಿ ಗುಡಿಸತೊಡಗಿದರು.

ಅಕ್ಕ ಅದನ್ನು ಕಣ್ತುಂಬ ನೋಡಿ, ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು:

"ಮೊದಲು ಹಾಕಿದ್ರಲ್ಲ, ಇವರು ಹೇಳೋ ಆ ಇನ್ನೊಂದು ಆಳು, ಅವನನ್ನೂ ತೆಗೆದುಬಿಡಿ. ಹಂಡೆಗೆ ಬೆಂಕಿ ಹಾಕೋದೊಂದು ಬಾಕಿ ಉಂಟು."